ಎರಡನೇ ಬಾಸಿಂಗಕ್ಕೆ ಒಂದು ವಾಕ್ಯ

ಮುಮತಾಜಳ ಧ್ವನಿ ಮೊಬೈಲಿಗೆ ಬಂದು ಬಿದ್ದಾಗ ಶಿವಕಾಂತಾ ಯಾರದೋ ಜಂಪರಿಗೆ ತೋಳು ಕೂಡಿಸುತ್ತಿದ್ದಳು. ಮಷೀನಿನ ಮೇಲಿನ ಕಾಲು ತೆಗೆಯದೆ ಒತ್ತಿ ಕೇಳಿದಳು.

“ಸುವ್ವಿ, ಎಲ್ಲಿಂದ ಹುಡುಕಿ ತಗದಿ ಬೇ ಇದನ್ನ. ಓದಿ ಮೈಮ್ಯಾಲಿನ ಕೂದಲ ನಿಂತು ನೋಡು. ಇಷ್ಟು ದಿನ ನಾವು ಏನ ಬರದೇವೋ ಏನೋ, ಇದರ ಮುಂದ ಎಲ್ಲಾ ಸಪ್ಪನ ಸಾರು.”

ಅಷ್ಟೇ. ಮೂವರಿದ್ದ ಗುಂಪಿನಲ್ಲಿ ಹಾಕಿದ ಮಾತು, ಹೆಸರು ಹಿಡಿದಿದ್ದು ಮಾತ್ರ ಒಬ್ಬಳದು. ಮತ್ತೆ ‘ನಾವು’ ಅಂದರೆ ಯಾರು? ಮುಮತಾಜ ಮತ್ತು ಶಿವಕಾಂತಾ. ನಾಲ್ಕು ವರ್ಷ ಇಬ್ಬರೂ ಕೂಡಿ ಬರೆದದ್ದೆಲ್ಲ ಸಪ್ಪನ ಸಾರು; ನಿನ್ನೆ ಮೊನ್ನೆ ಬಂದ ಜೇವರ್ಗಿಯ ಹುಡುಗಿ ಸುವ್ವಿಯದು ಒಗ್ಗರಣೆ ಬಿದ್ದ ಸಾರು. ಶಿವಕಾಂತಾ ಸಂದೇಶವನ್ನು ಇನ್ನೊಮ್ಮೆ ಕೇಳಿದಳು. ಕೆಳಗೆ ನೋಡಿದರೆ ಬಲದ ತೋಳು ಎಡಕ್ಕೆ ಕೂತಿತ್ತು.

ಸಂಗತಿ ಏನೆಂದರೆ, ಜಾಲದ ಮೇಲೆ ಕನ್ನಡದ್ದೊಂದು ವಿಶ್ವಕೋಶವಿದೆ. ಬರೆಯುವವರಿಗೆ ಪಗಾರವಿಲ್ಲ, ಪದವಿ ಬೇಕಿಲ್ಲ, ಒಂದು ಮೊಬೈಲು ಮತ್ತು ಒಂದಿಷ್ಟು ಹಟ ಇದ್ದರೆ ಆಯಿತು. ಆಳಂದದಲ್ಲಿ ಹೊಲಿಗೆ ಅಂಗಡಿ ಇಟ್ಟ ಶಿವಕಾಂತಾಳಿಗೆ ಹಟಕ್ಕೇನು ಕಡಿಮೆ ಇರಲಿಲ್ಲ. ಕಲಬುರಗಿಯಲ್ಲಿ ನಡೆದ ಒಂದು ಶಿಬಿರಕ್ಕೆ ಹೋದವಳು, ಪಕ್ಕದ ಕುರ್ಚಿಯಲ್ಲಿ ಕೂತ ಅಫಜಲಪುರದ ಪ್ರಾಥಮಿಕ ಶಾಲೆಯ ಟೀಚರು ಮುಮತಾಜಳಿಂದ ಬೆರಳಚ್ಚು ಕಲಿತಳು. ಬದಲಿಗೆ ಮುಮತಾಜಳ ಕುರ್ತಾದ ಬಿಚ್ಚಿದ ಹೊಲಿಗೆಯನ್ನು ಅಲ್ಲೇ ಚೀಲದಿಂದ ಸೂಜಿ ತೆಗೆದು ಹಾಕಿಕೊಟ್ಟಳು. ಅಂದಿನಿಂದ ಗೆಳೆತನ. ಶಿವಕಾಂತಾ ತವರೂರು ನಿಂಬರ್ಗಾದ ಬಗ್ಗೆ ಬರೆದರೆ ಮುಮತಾಜ ತಿದ್ದಬೇಕು, ಮುಮತಾಜ ಸೊನ್ನದ ಬ್ಯಾರೇಜಿನ ಬಗ್ಗೆ ಬರೆದರೆ ಶಿವಕಾಂತಾ ತಿದ್ದಬೇಕು. ದಿನಾ ಸಂಜೆ ಫೋನು. ತಿದ್ದುವುದು ಕಾಲು ಭಾಗ, ಉಳಿದದ್ದು ಸೊಸೆ, ನಾದಿನಿ, ಸ್ಟಾಫ್ ರೂಮು.

ಆ ಕೋಶಕ್ಕೆ ಕೆಲವು ಕಟ್ಟಳೆಗಳಿವೆ. ಬರೆದ ಪ್ರತಿ ಮಾತಿಗೂ ಎಲ್ಲಾದರೂ ಅಚ್ಚಾದ ಆಧಾರ ಬೇಕು. ನಾನೇ ನೋಡಿದ್ದೇನೆ ಅಂದರೆ ನಡೆಯುವುದಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಆಧಾರದ ಪುಟ ಕಣ್ಣಾರೆ ನೋಡಿಯೇ ಒಪ್ಪಬೇಕು. ಬದುಕಿರುವವರ ಮರ್ಯಾದೆಗೆ ಕುಂದು ತರುವುದನ್ನು ಮುಖಪುಟಕ್ಕೆ ಹಾಕಬಾರದು. ಮುಖಪುಟ ಅಂದೆನಲ್ಲ, ಅಲ್ಲಿ ‘ನಿಮಗಿದು ಗೊತ್ತೇ?’ ಅಂತ ಒಂದು ಚೌಕವಿದೆ. ಹೊಸ ಲೇಖನದಿಂದ ಆರಿಸಿದ ಒಂದೇ ಒಂದು ಸ್ವಾರಸ್ಯದ ವಾಕ್ಯ ಒಂದು ದಿನ ಅಲ್ಲಿರುತ್ತದೆ. ಬರೆಯುವವರೆಲ್ಲರ ಕಣ್ಣು ಆ ಚೌಕದ ಮೇಲೆ. ನಾಲ್ಕು ತಿಂಗಳ ಹಿಂದಿನವರೆಗೆ ಅಲ್ಲಿ ಏರಿದ ಈ ಭಾಗದ ವಾಕ್ಯಗಳೆಲ್ಲ ಶಿವಕಾಂತಾಳವು, ಆರಿಸಿದವಳು ಮುಮತಾಜ. ಆಮೇಲೆ ಸುವರ್ಣಾ ಬಂದಳು. ಜೇವರ್ಗಿಯ ಕಾಲೇಜೊಂದರಲ್ಲಿ ಗ್ರಂಥಾಲಯ ನೋಡಿಕೊಳ್ಳುವವಳು. ಕೈ ಹಾಕಿದಲ್ಲಿ ಹಳೇ ಪತ್ರಿಕೆ, ತೆರೆದಲ್ಲಿ ಆಧಾರ. ಮೊದಲು ‘ಸುವರ್ಣಾ ಮೇಡಂ’ ಆಗಿದ್ದವಳು ಈಗ ‘ಸುವ್ವಿ’. ಅವಳಾದರೂ ಮುಮತಾಜಳನ್ನು ಅಕ್ಕ ಅನ್ನುವ ಹಾಗೆ ‘ಆಪಾ’ ಅನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಹಾಗೆ ಕರೆಯಬಹುದೆಂದು ಶಿವಕಾಂತಾಳಿಗೆ ಹೊಳೆದೇ ಇರಲಿಲ್ಲ.

ಈಗಿನ ಪೈಪೋಟಿ ಒಂದು ಸಿನಿಮಾದ ಮೇಲೆ. ‘ಎರಡನೇ ಬಾಸಿಂಗ’ ಅಂತ ಅದರ ಹೆಸರು. ಶಿವಕಾಂತಾ ಸಣ್ಣವಳಿದ್ದಾಗ ಕರಜಗಿ ಕಡೆ ಭೀಮಾ ದಂಡೆಯಲ್ಲಿ ತೆಗೆದದ್ದು. ಬೆಳೆದ ಮಗನಿರುವ ವಿಧವೆಯೊಬ್ಬಳು ಮತ್ತೆ ಹಣೆಗೆ ಬಾಸಿಂಗ ಕಟ್ಟಿಕೊಂಡು ಮದುಮಗಳಾಗುವ ಕತೆ. ಬಂದ ವಾರವೇ ಗದ್ದಲವೆದ್ದು, ಪರದೆ ಹರಿದು, ತಡೆ ಬಿದ್ದು, ಚಿತ್ರವೇ ಕಾಣೆಯಾಗಿತ್ತು. ಈಗ ಎಲ್ಲೋ ಒಂದು ಪ್ರತಿ ಸಿಕ್ಕಿ, ತೊಳೆದು ಹಸನು ಮಾಡಿ, ಕಲಬುರಗಿಯಲ್ಲಿ ತೋರಿಸುವವರಿದ್ದರು. ಮೊಬೈಲು ಮೊಬೈಲಿನಲ್ಲಿ ಮತ್ತೆ ಜಗಳ ಹೊತ್ತಿಕೊಂಡಿತ್ತು. ಕೋಶದ ಲೇಖನವನ್ನು ಮೂವರೂ ಕೂಡಿ ಬರೆದರು. ಪ್ರದರ್ಶನದ ದಿನ ಮುಖಪುಟದಲ್ಲಿ ಅದರ ವಾಕ್ಯ. ಸಾವಿರಾರು ಮಂದಿ ಓದುವ ವಾಕ್ಯ. ಆರಿಸುವ ಹೊಣೆ ಮುಮತಾಜಳದು.

ಸುವರ್ಣಾ ಒಂದು ಹಳೇ ಸಿನಿಮಾ ಮಾಸಪತ್ರಿಕೆಯಿಂದ ನಾಯಕಿಯ ಸಂದರ್ಶನ ತೆಗೆದಿದ್ದಳು. ಚಿತ್ರೀಕರಣದ ದಿನ, ವಿಧವೆಯ ಪಾತ್ರಕ್ಕಾದರೂ ಬಾಸಿಂಗ ಕಟ್ಟಲು ಊರಿನ ಒಬ್ಬ ಮುತ್ತೈದೆಯೂ ಮುಂದೆ ಬರಲಿಲ್ಲವಂತೆ; ಕಡೆಗೆ ಬಳೆ ಮಾರುವ ಪ್ಯಾರಿಬಿ ಅನ್ನುವಾಕೆ ಬಂದು ಕಟ್ಟಿದಳಂತೆ. ಮುಮತಾಜಳ ಕೂದಲು ನಿಂತದ್ದು ಇದಕ್ಕೆ.

ಸಂಜೆ ಶಿವಕಾಂತಾ ತಾನೇ ಫೋನು ಹಚ್ಚಿದಳು.

“ನನ್ನ ಹತ್ರನೂ ಒಂದ ಅದ. ತಡೆ ಬಿದ್ದ ಮ್ಯಾಲ ಆ ಸಿನಿಮಾ ಆಳಂದದಾಗ ನಡದಿತ್ತು. ಯಾಕೂಬಸಾಬರ ಟೆಂಟಿನ್ಯಾಗ. ಬೋರ್ಡಿಗೆ ‘ಹೊಳಿಯವ್ವನ ಮಹಿಮೆ’ ಅಂತ ಬರಸಿ, ಮುಂದೊಂದು ದೇವರ ಹಾಡು ಜೋಡಿಸಿ, ಇದ ಸಿನಿಮಾ ಓಡಿಸಿದ್ರು. ನಮ್ಮವ್ವನ ಸಂಗಾಟ ಹೋಗಿದ್ದೆ.”

ಮುಮತಾಜ ಬಿದ್ದು ಬಿದ್ದು ನಕ್ಕಳು. “ಯಾ ಅಲ್ಲಾ, ಇದು ಖರೇನಾ? ಆಧಾರ ಏನದ ಶಿವಕ್ಕ?”

“ನನ್ನ ಕಣ್ಣ ಅದಾವಲ್ಲ.”

“ಕಣ್ಣಿಗೆ ಪುಟಸಂಖ್ಯೆ ಇಲ್ಲಲ್ಲ ಶಿವಕ್ಕ. ಇದನ್ನ ನನಗ ಹೇಳ್ಕೊಟ್ಟಾಕಿನ ನೀನು. ಛಾಪದಾಗ ಇದ್ರ ಕೊಡು, ಕಣ್ಣ ಮುಚ್ಚಿ ನಿಂದ ಆರಿಸ್ತೇನಿ. ಇಲ್ಲಾಂದ್ರ ಸುವ್ವಿದ ಹೋಗ್ಲಿ, ಅದೂ ಚಲೋ ಅದ.”

ಮತ್ತೆ ಸುವ್ವಿ. ಸುವರ್ಣಾ ಹುಟ್ಟುವ ಮೊದಲು ತಾನು ಕಂಡ ಸಿನಿಮಾ. ತಾನು ಅದಕ್ಕೆ ಯಾರೂ ಅಲ್ಲ, ಕಪಾಟಿನಿಂದ ಪತ್ರಿಕೆ ಎಳೆದ ಅವಳೇ ಎಲ್ಲ. ಇಂಥ ವೇಳೆಯಲ್ಲಿ ಮನುಷ್ಯರಿಗೆ ಬುದ್ಧಿ ಭಾಳ ಚುರುಕಾಗುತ್ತದೆ, ಅದೇ ಕೆಡುಕು. ಛಾಪದಲ್ಲಿ ಇಲ್ಲದ್ದನ್ನು ಛಾಪಕ್ಕೆ ತರಬಹುದಲ್ಲ ಅಂತ ಶಿವಕಾಂತಾಳಿಗೆ ಹೊಳೆಯಿತು.

ಆಳಂದದ ಬಜಾರಿನಲ್ಲಿ ಖಂಡಪ್ಪನ ಪ್ರೆಸ್ಸು. ಲಗ್ನಪತ್ರಿಕೆ, ತಿಥಿ ಕಾರ್ಡು, ಮತ್ತು ಹದಿನೈದು ದಿನಕ್ಕೊಮ್ಮೆ ಎರಡು ಹಾಳೆಯ ಒಂದು ಪತ್ರಿಕೆ. ಶಿವಕಾಂತಾ ಹೋಗಿ ಕತೆ ಹೇಳಿದಳು. ಖಂಡಪ್ಪ ಕನ್ನಡಕ ಹಣೆಗೇರಿಸಿ ಕೇಳಿದ.

“ಅಕ್ಕಾರ, ಇದು ಭಾರಿ ಅದ. ಬರ್ದ ಬಿಡ್ತೇನಿ. ನಿಮ್ಮ ಹೆಸರ ಹಾಕ್ಲ್ಯಾ?”

“ನನ್ನ ಹೆಸರ ಬ್ಯಾಡ್ರಿ. ನಿಮ್ಮ ಹೆಸರಿಲೇ ಬರ್ಲಿ.”

“ಬಿಟ್ಟಿ ಹೆಸರ ಬಂದ್ರ ಬ್ಯಾಡನ್ನೋರ ಯಾರ.” ಖಂಡಪ್ಪ ನಕ್ಕ. “ಸ್ವಲ್ಪ ಮಸಾಲಿ ಹಾಕ್ತೇನಿ ಮತ್ತ. ಬರೇ ಅನ್ನ ಇಟ್ರ ಓದೋರು ಉಣ್ಣಂಗಿಲ್ಲ.”

ಅವಳು ಬೇಡ ಅನ್ನಲಿಲ್ಲ. ಅನ್ನಬೇಕಿತ್ತು.

ಪತ್ರಿಕೆ ಬಂದಾಗ ಮಸಾಲೆಯೇ ಅನ್ನಕ್ಕಿಂತ ಹೆಚ್ಚಿತ್ತು. ಯಾಕೂಬಸಾಬ ಎಂಬ ಟೆಂಟಿನ ಮಾಲೀಕ ದೇವರ ಚಿತ್ರವೆಂದು ನಂಬಿಸಿ, ಕಾಯಿ ಕರ್ಪೂರ ಹಿಡಿದು ಬಂದ ಮುಗ್ಧ ಹೆಣ್ಣುಮಕ್ಕಳಿಗೆ ಮೋಸ ಮಾಡಿ, ತಡೆಬಿದ್ದ ಚಿತ್ರ ತೋರಿಸಿದ್ದ ಎಂದಿತ್ತು. ಶಿವಕಾಂತಾ ಅದನ್ನು ಎರಡು ಸಲ ಓದಿದಳು. ಕಾಯಿ ಕರ್ಪೂರ ಯಾರೂ ಹಿಡಿದಿರಲಿಲ್ಲ, ಶೇಂಗಾ ಹಿಡಿದಿದ್ದರು. ಅಲ್ಲಿ ಕೂತ ಒಬ್ಬ ಹೆಂಗಸಿಗೂ ಏನು ನೋಡುತ್ತಿದ್ದೇವೆಂಬುದು ಗೊತ್ತಿಲ್ಲದೆ ಇರಲಿಲ್ಲ. ಅವ್ವ ಅಳುತ್ತಾ ಪಕ್ಕದವಳ ಕೈ ಹಿಡಿದದ್ದು ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೋಗಿ ತಿದ್ದಿಸಬೇಕು ಅಂದುಕೊಂಡಳು. ಅಷ್ಟರಲ್ಲಿ ಗುಂಪಿನಲ್ಲಿ ಸುವರ್ಣಾ ಇನ್ನೊಂದು ಹಳೇ ಪುಟದ ಫೋಟೋ ಹಾಕಿದಳು, ಅದಕ್ಕೆ ಮುಮತಾಜ ನಾಲ್ಕು ಹೂವಿನ ಚಿತ್ರ ಹಾಕಿದಳು. ಶಿವಕಾಂತಾ ತಿದ್ದಿಸುವುದು ಬಿಟ್ಟು ಖಂಡಪ್ಪನ ಪತ್ರಿಕೆಯ ಫೋಟೋ ತೆಗೆದು ಕಳಿಸಿಬಿಟ್ಟಳು.

ತಾಸು ಹೊತ್ತಿನ ಮೇಲೆ ಮುಮತಾಜ, “ಛಾಪದಾಗ ಹಿಂಗ ಅದ ಅಂದ್ರ ಹಿಂಗ ಬರೀಬೇಕಾಗ್ತದ. ಮಾತು ಕೊಟ್ಟೇನಿ, ಶಿವಕ್ಕಂದ ಆರಿಸ್ತೇನಿ,” ಅಂತ ವಾಕ್ಯ ಬರೆದು ಹಾಕಿದಳು: ‘ಎರಡನೇ ಬಾಸಿಂಗ’ ಚಿತ್ರಕ್ಕೆ ತಡೆ ಬಿದ್ದ ಮೇಲೆ ಆಳಂದದ ಟೆಂಟ್ ಮಾಲೀಕರೊಬ್ಬರು ಅದನ್ನು ದೇವರ ಚಿತ್ರವೆಂದು ನಂಬಿಸಿ ಹೆಣ್ಣುಮಕ್ಕಳಿಗೆ ತೋರಿಸಿದ್ದರು.

ಗೆದ್ದೆ ಅಂದುಕೊಂಡಳು ಶಿವಕಾಂತಾ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಸುವರ್ಣಾಳ ಧ್ವನಿ ಬಂತು.

“ಅಕ್ಕಾರ, ಭಾಳ ಚಲೋ ಹುಡಿಕೀರಿ. ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ಯಾಕೂಬಸಾಬರು ಇನ್ನಾ ಅದಾರೇನ್ರಿ? ಇದ್ರ ಈ ವಾಕ್ಯ ಹಾಕಾಕ ಬರಂಗಿಲ್ಲ. ಈಗ ಮಂದಿಗಿ ಬೈಯಾಕ ಒಂದ ಹೆಸರ ಬೇಕಾಗ್ಯದ.”

ಕೇಳಿದ್ದು ನ್ಯಾಯದ ಮಾತು. ಆದರೆ ಹೊಟ್ಟೆಕಿಚ್ಚಿಗೆ ಕಿವಿ ಬೇರೆಯೇ ಇರುತ್ತದೆ. ಶಿವಕಾಂತಾಳಿಗೆ ಕೇಳಿಸಿದ್ದು ಇಷ್ಟು: ನಿಮ್ಮದು ಕೆಳಗಿಳಿಸಿ ನನ್ನದು ಏರಿಸ್ರಿ. ಬೆರಳು ತಾನಾಗಿ ಬರೆಯಿತು. ‘ಇಲ್ಲ. ತೀರಿಹೋಗ್ಯಾರ.’

ಹೀಗೆ ಯಾಕೂಬಸಾಬರು ಒಂದು ಮಧ್ಯಾಹ್ನ, ಆಳಂದದಲ್ಲಿ, ತಮಗೇ ಗೊತ್ತಿಲ್ಲದೆ ತೀರಿಕೊಂಡರು.

ಮುಮತಾಜ ಸತ್ತವರಿಗೆ ಹೇಳುವ ಪ್ರಾರ್ಥನೆಯ ಮಾತು ಹಾಕಿದಳು. ಯಾವಾಗ ಹೋದರು ಅಂತ ಕೇಳಿದಳು. “ಆತು, ಭಾಳ ದಿನ ಆತು,” ಅಂದಳು ಶಿವಕಾಂತಾ. ಹಿಂದಿನ ವಾರವಷ್ಟೇ ಯಾಕೂಬಸಾಬರು ಅಂಗಡಿ ಮುಂದೆ ಹಾದುಹೋಗುವಾಗ ಪಾಯಿಜಾಮದ ಲಾಡಿ ಹಾಕಿಸಿಕೊಂಡು ಹೋಗಿದ್ದರು.

ಮುಗಿಯಿತು ಅಂತ ಇದ್ದಳು. ಶನಿವಾರ ಮುಮತಾಜ ಫೋನು ಮಾಡಿ, “ನಾಳಿ ಆಳಂದಕ್ಕ ಬರಾಕತ್ತೇವಿ,” ಅಂದಳು. “ಆ ಚಾಚಾನ ಮನಿಯವರನ್ನ ಕಂಡು ಎರಡ ಮಾತ ಆಡಿ ಬರೂಣು. ಮೋಸ ಮಾಡ್ಯಾರಂತ ಮುಖಪುಟದಾಗ ಹಾಕಾಕತ್ತೇವಿ, ಅವರ ಮಂದಿಗಿ ಒಂದ ಮಾತ ಹೇಳದೇ ಹ್ಯಾಂಗ ಹಾಕೂದು. ಟೆಂಟಿಂದು ಹಳೇ ಫೋಟೋನೂ ಸಿಗಬಹುದು. ಸುವ್ವಿ ಇಲ್ಲೇ ಅದಾಳ, ನಿನ್ನೆ ಬಂದಾಳ, ರಾತ್ರಿ ಇಲ್ಲೇ ಉಂಡು ಮಲಗಿದ್ಳು.”

ಶಿವಕಾಂತಾಳಿಗೆ ಯಾಕೂಬಸಾಬರ ಹೆದರಿಕೆಗಿಂತ ಮೊದಲು ಇದು ಚುಚ್ಚಿತು. ನಾಲ್ಕು ವರ್ಷದ ಗೆಳೆತನದಲ್ಲಿ ತಾನು ಮುಮತಾಜಳ ಮನೆಯಲ್ಲಿ ಒಂದು ರಾತ್ರಿ ಉಳಿದಿರಲಿಲ್ಲ. ಅವಳು ಕರೆದಾಗಲೆಲ್ಲ ಹೊಲಿಗೆ, ಸೀಜನ್ನು, ಲಗ್ನದ ಗಿರಾಕಿ. ಆಮೇಲೆ ನೆನಪಾಯಿತು ಹೆದರಿಕೆ.

“ಅವರ ಮನಿ ಮಂದಿ ಸೊಲ್ಲಾಪುರಕ್ಕ ಹೋಗ್ಯಾರ,” ಅಂದಳು. “ಕೀಲಿ ಹಾಕ್ಯದ.”

“ಬಂದೇ ಬರ್ತೇವಿ. ಇಲ್ಲಾಂದ್ರ ನಿನ್ನ ಮನ್ಯಾಗ ರೊಟ್ಟಿ ತಿಂದು ಹೋಗ್ತೇವಿ.”

ಭಾನುವಾರ ಇಬ್ಬರೂ ಬಸ್ಸಿನ ಒಂದೇ ಸೀಟಿನಿಂದ ಎದ್ದು ಇಳಿದರು. ಸುವರ್ಣಾಳ ತಲೆಯಲ್ಲಿದ್ದ ಮಲ್ಲಿಗೆ ಮುಮತಾಜಳ ಅಂಗಳದ್ದು ಅಂತ ನೋಡಿದರೇ ತಿಳಿಯುತ್ತಿತ್ತು. ಮುಮತಾಜಳ ಕೈಯಲ್ಲಿ ಖಜೂರದ ಪೊಟ್ಟಣ. ಶಿವಕಾಂತಾ ರೊಟ್ಟಿ, ಪುಂಡಿಪಲ್ಯದ ಆಸೆ ತೋರಿಸಿ ಮನೆಯತ್ತ ಎಳೆಯುವಷ್ಟರಲ್ಲಿ ಮುಮತಾಜ ಬಸ್‌ಸ್ಟ್ಯಾಂಡಿನ ಚಹಾದವನನ್ನು, “ಟೆಂಟಿನ ಯಾಕೂಬಸಾಬರ ಮನಿ ಎಲ್ಲ್ಯದರಿ?” ಅಂತ ಕೇಳಿ ಆಗಿತ್ತು. ಅವನು ಚಹಾ ಸೋಸುತ್ತಲೇ ಗದ್ದದಿಂದ ಗಲ್ಲಿ ತೋರಿಸಿದ.

ಗಲ್ಲಿಯಲ್ಲಿ ಶಿವಕಾಂತಾ ಹಿಂದೆ ಹಿಂದೆ ನಡೆದಳು. ಈಗ ಹೇಳಿಬಿಡಲೇ, ಈ ನಳದ ಹತ್ತಿರ ಹೇಳಲೇ, ಆ ಹಿಟ್ಟಿನ ಗಿರಣಿ ದಾಟಿದ ಮೇಲೆ ಹೇಳಲೇ ಅಂತ ಲೆಕ್ಕ ಹಾಕಿದಳು. ಮುಮತಾಜ ಒಬ್ಬಳೇ ಇದ್ದಿದ್ದರೆ ಹೇಳುತ್ತಿದ್ದಳು, ದೇವರಾಣೆ ಹೇಳುತ್ತಿದ್ದಳು. ಆದರೆ ಮಗ್ಗುಲಲ್ಲಿ ಆ ಹುಡುಗಿ. ಅವಳ ಮುಂದೆ ಬಾಯಿ ಹೇಗೆ ಬಿಡುವುದು?

ಮನೆಯ ಬಾಗಿಲು ತೆರೆದೇ ಇತ್ತು. ಹೊರಗಿನ ಹೊರಸಿನ ಮೇಲೆ ಒಬ್ಬ ಮುದುಕರು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಮುಮತಾಜ ದುಪಟ್ಟಾ ತಲೆ ಮೇಲೆ ಎಳೆದುಕೊಂಡು, ದನಿ ಇಳಿಸಿ, “ಯಾಕೂಬಸಾಬರ ಮನಿ ಇದೇನ್ರಿ?” ಅಂದಳು.

“ಹೌದವ್ವಾ. ನಾನೇ ಯಾಕೂಬಸಾಬ. ಬರ್ರಿ, ಒಳಗ ಬರ್ರಿ.”

ಮುಮತಾಜ ಖಜೂರ ಹಿಡಿದವಳು ಹಿಡಿದ ಹಾಗೇ ನಿಂತಳು. ತಿರುಗಿ ಶಿವಕಾಂತಾಳನ್ನು ನೋಡಲಿಲ್ಲ. ನೋಡದ್ದೇ ಶಿವಕಾಂತಾಳಿಗೆ ತಡೆಯಲಾಗಲಿಲ್ಲ. ಮುದುಕರು ಮೂವರ ಮುಖ ನೋಡಿ, “ಯಾಕವ್ವಾ, ಯಾರರ ತೀರಿಕೊಂಡ ಮನಿಗಿ ಬಂದಂಗ ಮಾರಿ ಮಾಡೀರಿ?” ಅಂದರು.

ಸುವರ್ಣಾ ಪೊಟ್ಟಣವನ್ನು ಮುಮತಾಜಳ ಕೈಯಿಂದ ತೆಗೆದು ಹೊರಸಿನ ಮೇಲಿಟ್ಟಳು. “ನಿಮ್ಮನ್ನ ನೋಡಾಕ ಬಂದೇವ್ರಿ ಚಾಚಾ. ದಾರ್ಯಾಗ ಯಾರೋ ಯಾಕೂಬಸಾಬರು ಹೋಗ್ಯಾರಂತ ಅಂದ್ರು, ಅದಕ ಅಂಜಿದಿವಿ. ಬ್ಯಾರೆಯವರ ಇರಬೇಕು.”

“ಇರಬೇಕು ತಗೋ. ನಮ್ಮ ಪಾಳಿ ಇನ್ನಾ ಬಂದಿಲ್ಲ.” ಮುದುಕರು ಒಳಗೆ ಕೂಗಿದರು. “ಖುರ್ಷಿದ, ಚಹಾ ಇಡು ಬೇಟಾ, ಮೂರು ಮಂದಿ ಹೆಣ್ಣಮಕ್ಕಳು ಬಂದಾರ.”

ಎಷ್ಟು ಬೇಗ ಸುಳ್ಳು ಹೊಳೆಯಿತು ಆ ಹುಡುಗಿಗೆ, ಎಷ್ಟು ಮೆತ್ತಗಿನ ಸುಳ್ಳು. ತನ್ನ ಸುಳ್ಳು ಒಬ್ಬ ಮನುಷ್ಯನನ್ನು ಕೊಂದಿತ್ತು, ಇವಳದು ಬದುಕಿಸಿತು. ಅಷ್ಟು ನಾಚಿಕೆಯ ನಡುವೆಯೂ ಶಿವಕಾಂತಾಳಿಗೆ ಅದರ ಮೇಲೂ ಹೊಟ್ಟೆ ಉರಿಯಿತು ಅಂದರೆ ನೋಡಿ.

ಸಿನಿಮಾ ಅಂದದ್ದೇ ತಡ, ಯಾಕೂಬಸಾಬರು ಬೆಳ್ಳುಳ್ಳಿ ಬದಿಗಿಟ್ಟರು. “ಖಂಡಪ್ಪನ ಪೇಪರ ಓದಿ ಬಂದೀರಿ ಕಾಣಸ್ತದ. ನಮ್ಮ ಖುರ್ಷಿದ ಓದಿ ಹೇಳಿದ್ಳು, ನಾ ಮೋಸಗಾರ ಅಂತ. ನಾ ಯಾರಿಗಿ ಮೋಸ ಮಾಡಿದೆ ಹೇಳ್ರಿ? ಸಿನಿಮಾ ನಿಂತಿತ್ತು, ಡಬ್ಬಿ ನನ್ನ ಟೆಂಟಿನ್ಯಾಗೇ ಬಿದ್ದಿದ್ದುವು. ಹೆಣ್ಣಮಕ್ಕಳು ಬಂದು ನಿಂತ್ರು. ಸಾಬರ, ಅದನ್ನ ಹಾಕ್ರಿ, ಹೆಸರ ಬ್ಯಾರೆ ಹಚ್ಚರಿ, ಮನ್ಯಾಗ ದೇವರ ಸಿನಿಮಾ ಅಂತ ಹೇಳಿ ಬರ್ತೇವಿ ಅಂದ್ರು. ಮೋಸ ಆದದ್ದು ಅವರ ಗಂಡಂದಿರಿಗಿ. ಅದೂ ನಾ ಮಾಡಿದ್ದಲ್ಲ.” ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಆಮೇಲೆ ಕಣ್ಣು ಕಿರಿದು ಮಾಡಿ ಶಿವಕಾಂತಾಳನ್ನು ಗುರುತು ಹಿಡಿದರು. “ಟೇಲರಮ್ಮ ನೀ ಇಲ್ಲೇ ಅದಿಯಲ್ಲ. ನಿಂಬರ್ಗಾದ ಗುರಮ್ಮನ ಮಗಳಲ್ಲಾ ನೀ? ಮೊದ್ಲ ಬಂದು ಕೇಳಿದಾಕಿನ ನಿಮ್ಮವ್ವ. ಹೆಸರ ಇಟ್ಟಾಕಿನೂ ಆಕಿನೇ. ಹೊಳಿಯವ್ವನ ಮಹಿಮೆ ಅಂತ ಹಾಕು, ಯಾವ ಗಂಡಸೂ ಬ್ಯಾಡನ್ನಂಗಿಲ್ಲ ಅಂದ್ಳು.”

ಶಿವಕಾಂತಾಳಿಗೆ ಇದು ಗೊತ್ತಿರಲಿಲ್ಲ. ಅವ್ವ ಸತ್ತು ಎಷ್ಟೋ ವರ್ಷವಾಗಿತ್ತು; ಎಂದೂ ಹೇಳಿರಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟಳು. ತನ್ನ ಅವ್ವ ಕೇಳಿ ಹಾಕಿಸಿದ ಸಿನಿಮಾಕ್ಕೆ ತಾನು ಈ ಮುದುಕರನ್ನು ಮೋಸಗಾರ ಮಾಡಿ, ಸಾಲದ್ದಕ್ಕೆ ಸಾಯಿಸಿಯೂ ಬಿಟ್ಟಿದ್ದಳು.

ಬಸ್‌ಸ್ಟ್ಯಾಂಡಿನ ತನಕ ಮುಮತಾಜ ಮುಂದೆ ಮುಂದೆ ನಡೆದಳು. ಅಫಜಲಪುರದ ಬಸ್ಸು ಹೊರಡಲು ನಿಂತಿತ್ತು. ಮೆಟ್ಟಿಲ ಹತ್ತಿರ ನಿಂತು ಕೇಳಿದಳು.

“ಅವರು ಇದ್ದದ್ದು ನಿನಗ ಗೊತ್ತಿತ್ತಾ?”

“ಗೊತ್ತಿತ್ತು.”

“ಪೇಪರದಾಗ ಬಂದದ್ದು?”

“ನಾನ ಬರಸಿದ್ದು. ಮೋಸದ ಮಾತ ಖಂಡಪ್ಪಂದು. ಉಳಿದಿದ್ದ ನಂದು.”

“ಆ ವಾಕ್ಯ ಬರೀವಾಗ ನನ್ನ ಕೈ ಎಷ್ಟ ಹಿಂದ ಮುಂದ ಆತು ಗೊತ್ತದೇನ ಶಿವಕ್ಕ ನಿನಗ? ನಮ್ಮವರು ಅಂತ ಮುಚ್ಚಿಟ್ಳು ಅಂತ ನಾಳಿ ಯಾರೂ ಅನಬಾರದು, ಅದಕ ಬರದೆ. ಶಿವಕ್ಕ ಹೇಳ್ಯಾಳಂದ್ರ ಖರೆ ಇರ್ತದಂತ ಬರದೆ.” ಕಂಡಕ್ಟರ್ ಸೀಟಿ ಊದಿದ. ಮುಮತಾಜ ಹತ್ತಿದಳು. “ಸುವ್ವಿದ ಹೋಗ್ತದ ಮುಖಪುಟಕ್ಕ,” ಅಂದಳು, ಕಿಟಕಿಯತ್ತ ಬರಲಿಲ್ಲ.

ಸುವರ್ಣಾಳಿಗೆ ಕಲಬುರಗಿ ಬಸ್ಸು ಬೇಕಿತ್ತು, ಅದು ಇನ್ನೂ ಬಂದಿರಲಿಲ್ಲ. ಹೀಗೆ ಆ ಇಬ್ಬರೇ ಒಂದು ಕಲ್ಲುಬೆಂಚಿನ ಮೇಲೆ ಉಳಿದರು. ಶಿವಕಾಂತಾ ಏನಾದರೂ ಅನ್ನಬೇಕೆಂದು, “ನನ್ನ ಮಾನ ಉಳಸಿದಿ ತಂಗಿ,” ಅಂದಳು.

“ನಿಮಗಾಗಿ ಅಂದಿಲ್ರಿ ಅಕ್ಕಾರ. ಆ ಮುದುಕರಿಗಿ, ನಿಮ್ಮನ್ನ ಸಾಯಿಸಿದ್ರು ಅಂತ ಹ್ಯಾಂಗ ಹೇಳೂದು? ಅದಕ ಅಂದೆ.” ಸುವರ್ಣಾ ಮಲ್ಲಿಗೆ ಸರಿ ಮಾಡಿಕೊಂಡಳು. “ನಿಮ್ಮ ಮ್ಯಾಲ ನನಗ ಸಿಟ್ಟದ. ನಾ ಈ ಕೋಶಕ್ಕ ಬಂದಿದ್ದೇ ನೀವು ನಿಂಬರ್ಗಾದ ಬಗ್ಗೆ ಬರದಿದ್ದು ಓದಿ. ಅದೇ ನೀವು ನಾ ನಮಸ್ಕಾರ ಹೇಳಿದ್ರ ಮಾರಿ ತಿರುವ್ತೀರಿ.”

ಬಸ್ಸು ಬಂದು ನಿಂತಿತು. ಹತ್ತುವ ಮೊದಲು ಸುವರ್ಣಾ ತಿರುಗಿ, “ನನ್ನ ವಾಕ್ಯ ನೀವೇ ನೋಡಿ ಒಪ್ಪರಿ. ಆಪಾ ನನ್ನದಂದ್ರ ಲಗೂನ ಒಪ್ಪತಾರ. ನೀವಾದ್ರ ನನ್ನ ತಪ್ಪ ಬಿಡಂಗಿಲ್ಲ,” ಅಂದಳು. ಬೈದಳೋ ಹೊಗಳಿದಳೋ ಗೊತ್ತಾಗಲಿಲ್ಲ.

ಮರುದಿನ ಶಿವಕಾಂತಾ ಮೊದಲು ಖಂಡಪ್ಪನ ಪ್ರೆಸ್ಸಿಗೆ ಹೋಗಿ, ತಿದ್ದುಪಡಿ ಕೈಯಾರೆ ಬರೆದುಕೊಟ್ಟು, ಅದು ಮೊದಲನೇ ಪುಟಕ್ಕೆ ಕೂರುವ ತನಕ ಎದ್ದು ಬರಲಿಲ್ಲ. “ಅಕ್ಕಾರ, ನನ್ನ ಪತ್ರಿಕಿ ಮರ್ಯಾದಿ ಹೋಗ್ತದ,” ಅಂದ ಖಂಡಪ್ಪ. “ಇದ್ರ ತಾನ ಹೋಗೂದು, ನೋಡೋಣು,” ಅಂದಳು. ಆಮೇಲೆ ಅಂಗಡಿಗೆ ಬಂದು ಕೋಶದ ಲೇಖನದಿಂದ ಯಾಕೂಬಸಾಬರ ಮೋಸದ ಮಾತು ಅಳಿಸಿ, ಸುವರ್ಣಾ ಕಳಿಸಿದ ಮಾಸಪತ್ರಿಕೆಯ ಪುಟಗಳನ್ನು ತೆರೆದಳು.

ತಪ್ಪು ಸಿಗಲಿ ಅಂತಲೇ ತೆರೆದದ್ದು. ಎಷ್ಟು ನಾಚಿಕೆಪಟ್ಟರೂ ಹೊಟ್ಟೆ ತನ್ನ ಸ್ವಭಾವ ಬಿಡುತ್ತದೆಯೇ? ಹೆಸರು ಸರಿ ಇತ್ತು, ಊರು ಸರಿ ಇತ್ತು, ಪುಟಸಂಖ್ಯೆ ಸರಿ ಇತ್ತು. ಹಳೇ ಪತ್ರಿಕೆಗಳ ಚಾಳಿಯಂತೆ ಸಂದರ್ಶನದ ಬಾಲವನ್ನು ಕಡೆಯ ಪುಟದಲ್ಲಿ, ತಲೆಗೂದಲೆಣ್ಣೆಯ ಜಾಹೀರಾತಿನ ಕೆಳಗೆ ತುರುಕಿದ್ದರು. ಸುವರ್ಣಾ ಆ ಫೋಟೋ ಕಳಿಸಿದ್ದಳು, ಓದಿರಲಿಲ್ಲ. ಸೂಜಿಗೆ ದಾರ ಪೋಣಿಸುವ ಕಣ್ಣು ಶಿವಕಾಂತಾಳದು. ಅಕ್ಷರ ಹಿಗ್ಗಿಸಿ ಹಿಗ್ಗಿಸಿ ಓದಿದಳು. ಬಾಸಿಂಗ ಕಟ್ಟುವಾಗ ಪ್ಯಾರಿಬಿಯ ಕೈಯಲ್ಲೇ ಬಳೆ ಇರಲಿಲ್ಲ, ಆಕೆಯೂ ಗಂಡ ಸತ್ತವಳು ಅಂತ ನಾಯಕಿ ಹೇಳಿದ್ದಳು.

ಶಿವಕಾಂತಾ ಮೊಬೈಲು ಮಡಿಲಲ್ಲಿಟ್ಟುಕೊಂಡು ಕೂತಳು. ಬಳೆ ಮಾರುವಾಕೆ, ಬಳೆಯಿಲ್ಲದಾಕೆ. ಮುತ್ತೈದೆಯರು ಒಲ್ಲೆನೆಂದ ಬಾಸಿಂಗವನ್ನು ವಿಧವೆಗೆ ಕಟ್ಟಿದವಳು ಇನ್ನೊಬ್ಬ ವಿಧವೆ. ಇದು ಬಿಟ್ಟರೆ ವಾಕ್ಯದ ಜೀವವೇ ಬಿಟ್ಟ ಹಾಗೆ. ‘ಆಧಾರ ಪೂರ್ತಿ ಓದಿಲ್ಲ, ಒಪ್ಪಿಲ್ಲ’ ಅಂತ ಬರೆದರೆ ಸುವರ್ಣಾಳ ವಾಕ್ಯ ಬೀಳುತ್ತಿತ್ತು, ನಿಯಮವೂ ತನ್ನ ಕಡೆಗೇ ಇತ್ತು. ಸುಮ್ಮನೆ ಒಪ್ಪಿಬಿಟ್ಟರೆ ಆ ಹುಡುಗಿಯದು ಅರ್ಧಕ್ಕೇ ನಿಲ್ಲುತ್ತಿತ್ತು, ಅದೂ ಒಳಗೊಳಗೆ ಸಿಹಿಯಾಗಿತ್ತು. ಜಂಪರಿನ ಗಿರಾಕಿ ಬಂದು, ನಾಳೆ ಬಾ ಅನ್ನಿಸಿಕೊಂಡು ಹೋದಳು. ಕಡೆಗೆ ಶಿವಕಾಂತಾ ಪ್ಯಾರಿಬಿಯ ಹೆಸರಿನ ಹಿಂದೆ ‘ತಾನೂ ವಿಧವೆಯಾಗಿದ್ದ’ ಅಂತ ಎರಡು ಮಾತು ಸೇರಿಸಿ, ಕಡೆಯ ಪುಟದ ಸಂಖ್ಯೆ ಹಾಕಿ, ಒಪ್ಪಿದ್ದೇನೆ ಅಂತ ಒತ್ತಿದಳು.

ಪ್ರದರ್ಶನದ ದಿನ ವಾಕ್ಯ ಮುಖಪುಟಕ್ಕೆ ಏರಿತು. ಕೆಳಗೆ, ಸೂಚಿಸಿದವರು ಸುವರ್ಣಾ. ಆವತ್ತು ಸಂಜೆ, ಅಷ್ಟು ದಿನದ ಮೇಲೆ, ಮುಮತಾಜಳ ಫೋನು ಬಂತು.

“ನೋಡಿದಿ?”

“ನೋಡಿದೆ.”

“ಆ ‘ತಾನೂ ವಿಧವೆ’ ಅನ್ನೂದು ಓದಿ ಸ್ಟಾಫ್ ರೂಮಿನ್ಯಾಗ ಎಲ್ಲಾರೂ ಸುಮ್ಮಕಾದ್ರು. ಸುವ್ವಿ ಏನ ಬರದಾಳ ನೋಡು.”

ಶಿವಕಾಂತಾ ತುಟಿ ಕಚ್ಚಿದಳು. ಹೂಂ ಅಂದಳು. ಚಂದ ಆಗ್ಯದ ಅಂದಳು. ಮಳಿ ಹ್ಯಾಂಗದ ನಿಮ್ಮ ಕಡಿ ಅಂತ ಕೇಳಿದಳು. ಮಳೆ ಇಲ್ಲ ಅಂದಳು ಮುಮತಾಜ.

“ಅದು ಸುವ್ವಿ ಹಾಕಿದ್ದಲ್ಲ,” ಅಂದಳು ಶಿವಕಾಂತಾ. “ನಾ ಹಾಕಿದ್ದು ಬೇ. ಆಕಿ ಕಡೀ ಪುಟ ಓದೇ ಇಲ್ಲ.”

ಆ ಕಡೆಯಿಂದ ಉಸಿರು ಬಿಟ್ಟ ಹಾಗೆ ಒಂದು ನಗೆ ಕೇಳಿಸಿತು.

“ಗೊತ್ತದ. ಯಾರ ಎಷ್ಟೊತ್ತಿಗಿ ಏನ ತಿದ್ದ್ಯಾರಂತ ಎಲ್ಲಾ ಕಾಣಸ್ತದಲ್ಲ, ಮುಂಜಾನೇ ನೋಡೇನಿ. ನಿನ್ನ ಬಾಯಿಲೇ ಬರ್ತದೋ ಇಲ್ಲೋ ಅಂತ ಕಾಯಾಕತ್ತಿದ್ದೆ. ಸಿಟ್ಟ ಇನ್ನಾ ಅದ ನನಗ, ತಿಳೀತಿಲ್ಲ? ಬರೋ ಐತವಾರ ಇಲ್ಲಿಗಿ ಬಾ, ಬೈಯೂದು ಭಾಳ ಅದ, ಫೋನಿನ್ಯಾಗ ಮುಗಿಯಂಗಿಲ್ಲ. ರಾತ್ರಿ ಇಲ್ಲೇ ಇರೂ ಹಂಗ ಬಾ.”

“ಸುವರ್ಣಾನೂ ಬರ್ತಾಳೇನು?” ಅಂತ ಶಿವಕಾಂತಾ ಕೇಳಿದಳು. ಕೇಳಬಾರದೆಂದು ಎಷ್ಟು ತಡೆದುಕೊಂಡರೂ ಬಂದೇಬಿಟ್ಟಿತು.

“ಬರ್ತಾಳ,” ಅಂದಳು ಮುಮತಾಜ. “ನೀ ನನ್ನ ಮಗ್ಗಲದಾಗ ಮಲ್ಕೊ, ಆಕಿ ಗ್ವಾಡಿ ಕಡಿ ಮಲ್ಕೊಳ್ಳಲಿ. ಆತಿಲ್ಲ?”

“ಆತು,” ಅಂದಳು ಶಿವಕಾಂತಾ.